ಟ್ರಿಪ್ಟೋಫಾನ್ ಸಾಕು ಅಂತ ಬ್ಯಾಸಿಲಸ್‌ಗೆ ಹೇಳುವವರು ಯಾರು?

ಪ್ರಶ್ನೆ: ನಾನು ಸಿಂಧನೂರು ಹತ್ತಿರದ ಹಳ್ಳಿಯವಳು, ಬಿ.ಎಸ್ಸಿ. ಕೊನೆ ವರ್ಷ. ಅಪ್ಪ ಭತ್ತದ ಸಸಿಗೆ ಬ್ಯಾಸಿಲಸ್ ಸಬ್ಟಿಲಿಸ್ ಪುಡಿ ಕಲಸಿ ಹಾಕುತ್ತಾರೆ. ಅದೇ ಬ್ಯಾಕ್ಟೀರಿಯಾ ನಮ್ಮ ಪಾಠದಲ್ಲೂ ಬಂತು. ಇ. ಕೋಲೈ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ರೆಪ್ರೆಸರ್ ಅನ್ನುವ ಪ್ರೋಟೀನ್ ಡಿಎನ್‌ಎ ಮೇಲೆ ಕೂತು ಟ್ರಿಪ್ಟೋಫಾನ್ ಅನ್ನುವ ಅಮೈನೋ ಆಮ್ಲದ ತಯಾರಿ ನಿಲ್ಲಿಸುತ್ತದೆ ಅಂತ ಓದಿದ್ದೆ. ಬ್ಯಾಸಿಲಸ್‌ನಲ್ಲಿ ಒಂದು ಪ್ರೋಟೀನ್ ಆರ್‌ಎನ್‌ಎಯನ್ನೇ ಹಿಡಿಯುತ್ತದಂತೆ. ಆರ್‌ಎನ್‌ಎ ಆಗಲೇ ತಯಾರಾದ ಮೇಲೆ ಹಿಡಿದು ಏನು ಪ್ರಯೋಜನ? ಟ್ರಿಪ್ಟೋಫಾನ್ ಸಾಕಷ್ಟಿದೆ ಅಂತ ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಉತ್ತರ: "ಆಗಲೇ ತಯಾರಾದ ಮೇಲೆ" ಅಂದಿರಲ್ಲ, ಗೊಂದಲ ಇರುವುದು ಅಲ್ಲೇ. ಆ ಪ್ರೋಟೀನ್ ಅಷ್ಟು ಹೊತ್ತು ಕಾಯುವುದಿಲ್ಲ. ಆರ್‌ಎನ್‌ಎ ಇನ್ನೂ ಪಾಲಿಮರೇಸ್ (ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಕಿಣ್ವ) ಬಾಯಿಂದ ಹೊರಗೆ ಬರುತ್ತಿರುವಾಗಲೇ, ಮೊದಲ ನೂರು ಚಿಲ್ಲರೆ ಅಕ್ಷರ (ಆರ್‌ಎನ್‌ಎಯ ಎ, ಯು, ಜಿ, ಸಿ) ಬರುವಷ್ಟರಲ್ಲೇ ಹಿಡಿದುಬಿಡುತ್ತದೆ. ಆಗ ಪಾಲಿಮರೇಸ್ ಇನ್ನೂ ಟ್ರಿಪ್ಟೋಫಾನ್ ತಯಾರಿಕೆಯ ಮೊದಲ ಜೀನ್ ತಲುಪಿರುವುದೇ ಇಲ್ಲ. ಬರವಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ಅಟೆನ್ಯುಯೇಷನ್ ಅನ್ನುತ್ತೇವೆ. ಪಠ್ಯದಲ್ಲಿ ಇದಕ್ಕೆ ಸಿಗುವುದು ಅರ್ಧ ಪುಟ. ನನಗೆ ಮಾತ್ರ ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ಬ್ಯಾಕ್ಟೀರಿಯಾದಲ್ಲಿ ಇಷ್ಟು ಚೆಂದದ ಇನ್ನೊಂದು ವ್ಯವಸ್ಥೆ ಕಂಡಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅಪ್ಪನ ಪುಡಿಯಿಂದ ಶುರು ಮಾಡೋಣ. ಆ ಪೊಟ್ಟಣದಲ್ಲಿ ಇರುವುದು ಬಹುಪಾಲು ಬೀಜಕಗಳು, ಅಂದರೆ ಸ್ಪೋರ್. ಗಟ್ಟಿ ಚಿಪ್ಪಿನೊಳಗೆ ಮಲಗಿರುವ ಬ್ಯಾಕ್ಟೀರಿಯಾ. ನೀರು ಸಿಕ್ಕರಷ್ಟೇ ಅದು ಏಳುವುದಿಲ್ಲ, ಸುತ್ತ ಊಟ ಇದೆ ಅನ್ನುವ ಗುರುತೂ ಬೇಕು. ಅಲನಿನ್ ಅನ್ನುವ ಅಮೈನೋ ಆಮ್ಲ ಅಂಥದ್ದೊಂದು ಗುರುತು. ಎದ್ದ ಮೊದಲ ನಿಮಿಷಗಳಲ್ಲಿ ಅದು ತನ್ನೊಳಗೇ ಕೂಡಿಟ್ಟ ಸಣ್ಣ ಪ್ರೋಟೀನ್‌ಗಳನ್ನು ಒಡೆದು ಅಮೈನೋ ಆಮ್ಲ ಮಾಡಿಕೊಳ್ಳುತ್ತದೆ. ಶೇಂಗಾ ಬೀಜ ಮೊಳೆಯುವಾಗ ಬೇಳೆಯೇ ಮೊಳಕೆಗೆ ಊಟ ಆಗುತ್ತದಲ್ಲ, ಹಾಗೆಯೇ. ಆ ಬುತ್ತಿ ಮುಗಿದ ಮೇಲೆ ಬೇಕಾದ್ದನ್ನು ತಾನೇ ತಯಾರಿಸಬೇಕು, ಇಲ್ಲಾ ಬೇರಿನ ಸುತ್ತಲಿನ ಮಣ್ಣಿನಿಂದ ಹೀರಿಕೊಳ್ಳಬೇಕು. ಯಾವುದು ಅನ್ನುವುದು ಗಳಿಗೆ ಗಳಿಗೆಗೆ ಬದಲಾಗುತ್ತದೆ. ಬೇರು ಒಂದು ಕಡೆ ಅಮೈನೋ ಆಮ್ಲ ಸುರಿಸುತ್ತದೆ, ಅಲ್ಲಿಂದ ನಾಲ್ಕು ಮಿಲಿಮೀಟರ್ ಆಚೆ ಏನೂ ಇರುವುದಿಲ್ಲ.

ಇಪ್ಪತ್ತು ಅಮೈನೋ ಆಮ್ಲಗಳಲ್ಲಿ ತಯಾರಿಕೆಗೆ ಎಲ್ಲಕ್ಕಿಂತ ದುಬಾರಿ ಟ್ರಿಪ್ಟೋಫಾನ್. ಗ್ಲೂಕೋಸ್ ತಿಂದು ಬೆಳೆಯುವ ಬ್ಯಾಕ್ಟೀರಿಯಾದ ಲೆಕ್ಕ ಹಾಕಿದರೆ ಒಂದು ಗ್ಲೈಸಿನ್‌ಗೆ ಸುಮಾರು 12 ಎಟಿಪಿ (ಜೀವಕೋಶದ ಶಕ್ತಿಯ ನಾಣ್ಯ) ಖರ್ಚು, ಒಂದು ಟ್ರಿಪ್ಟೋಫಾನ್‌ಗೆ ಸುಮಾರು 74. ಆದರೆ ಪ್ರೋಟೀನ್‌ಗಳಲ್ಲಿ ಅದು ಬೇಕಾಗುವುದು ನೂರರಲ್ಲಿ ಒಂದರ ಲೆಕ್ಕದಲ್ಲಿ. ಇಷ್ಟು ದುಬಾರಿ, ಇಷ್ಟು ಕಡಿಮೆ ಬೇಕಾದ ಸಾಮಾನನ್ನು ಯಾರೂ ಸುಮ್ನೆ ರಾಶಿ ಹಾಕುವುದಿಲ್ಲ. ನಮ್ಮ ದೇಹವಂತೂ ಅದನ್ನು ಮಾಡುವುದೇ ಇಲ್ಲ, ಊಟದಿಂದಲೇ ಬರಬೇಕು. (ಹಿಂದೆ ಜೋಳವನ್ನೇ ನೆಚ್ಚಿಕೊಂಡ ದಖ್ಖನ್‌ನ ಬಡ ಮನೆಗಳಲ್ಲಿ ಪೆಲಾಗ್ರ, ಅಂದರೆ ನಿಯಾಸಿನ್ ಅನ್ನುವ ವಿಟಮಿನ್ ಕೊರತೆಯ ಕಾಯಿಲೆ, ಕಾಣುತ್ತಿತ್ತು. ಅದಕ್ಕೂ ಟ್ರಿಪ್ಟೋಫಾನ್‌ಗೂ ನಂಟಿದೆ, ಏಕೆಂದರೆ ದೇಹ ಟ್ರಿಪ್ಟೋಫಾನ್‌ನಿಂದಲೇ ಸ್ವಲ್ಪ ನಿಯಾಸಿನ್ ಮಾಡಿಕೊಳ್ಳುತ್ತದೆ. ರೊಟ್ಟಿಯ ಜೊತೆ ಬೇಳೆ, ಶೇಂಗಾ ಹಿಂಡಿ ಇರಬೇಕು ಅನ್ನುವುದು ಬರೀ ರುಚಿಯ ಮಾತಲ್ಲ.)

ಈಗ ಆ ಪ್ರೋಟೀನ್. ಹೆಸರು ಟ್ರ್ಯಾಪ್. ಟ್ರಿಪ್ಟೋಫಾನ್ ಜೀನ್‌ಗಳ ಆರ್‌ಎನ್‌ಎ ಹಿಡಿದು ಬರವಣಿಗೆ ತಗ್ಗಿಸುವ ಪ್ರೋಟೀನ್ ಅನ್ನುವುದನ್ನೇ ಇಂಗ್ಲಿಷಿನಲ್ಲಿ ಮೊಟಕು ಮಾಡಿದ ಹೆಸರು ಅದು. 75 ಅಮೈನೋ ಆಮ್ಲಗಳ ಒಂದು ಪುಟ್ಟ ತುಂಡು, ಅಂಥ 11 ತುಂಡು ಸೇರಿ ಒಂದು ಉಂಗುರ. ಅಡ್ಡಗಲ ಸುಮಾರು 8 ನ್ಯಾನೋಮೀಟರ್. ಹನ್ನೊಂದು! ಜೀವಕೋಶದಲ್ಲಿ ಎರಡು, ನಾಲ್ಕು, ಆರರ ಜೋಡಣೆ ಬೇಕಾದಷ್ಟಿವೆ, ಹನ್ನೊಂದು ತೀರಾ ಅಪರೂಪ. 1995ರಲ್ಲಿ ಅದರ ಹರಳಿನ ಚಿತ್ರ ಹೊರಬಂತು. 1999ರಲ್ಲಿ ಆರ್‌ಎನ್‌ಎ ಸುತ್ತಿಕೊಂಡಿರುವ ಚಿತ್ರವೂ ಬಂತು.

ಇದನ್ನು ಬರೀ ಓದಿದರೆ ಕಣ್ಣಿಗೆ ಕಟ್ಟುವುದಿಲ್ಲ. ನಾನು ತರಗತಿಯಲ್ಲಿ ಮಾಡಿಸುವ ಕೆಲಸ ಒಂದಿದೆ, ನೀವೂ ಮನೆಯಲ್ಲಿ ಮಾಡಿ ನೋಡಿ. ಒಂದು ಪ್ಲಾಸ್ಟಿಕ್ ಬಳೆ ತೆಗೆದುಕೊಳ್ಳಿ. ಅದರ ಹೊರಮೈ ಮೇಲೆ ಉಗುರಿನ ಬಣ್ಣದಿಂದ ಸರಿಯಾದ ಅಂತರದಲ್ಲಿ 11 ಚುಕ್ಕಿ ಇಡಿ. ಬಳೆಯ ಸುತ್ತಳತೆಗಿಂತ ಎರಡು ಪಟ್ಟು ಉದ್ದದ ರಿಬ್ಬನ್ ಕತ್ತರಿಸಿ. ಅದರ ಮೊದಲ ಅರ್ಧದಲ್ಲಿ ಜಿಎಜಿ, ಜಿಎಜಿ, ಯುಎಜಿ ಅಂತ ಮೂರಕ್ಷರದ ಗುರುತನ್ನು 11 ಸಲ ಬರೆಯಿರಿ, ಒಂದೊಂದು ಗುರುತು ಒಂದೊಂದು ಚುಕ್ಕಿಗೆ ಸರಿಯಾಗಿ ಬರುವಂತೆ. ಬ್ಯಾಸಿಲಸ್‌ನ ನಿಜವಾದ ಆರ್‌ಎನ್‌ಎಯಲ್ಲಿ ಜಿಎಜಿ ಏಳು, ಯುಎಜಿ ನಾಲ್ಕು. ಒಂದು ಗುರುತಿಗೂ ಮುಂದಿನದಕ್ಕೂ ನಡುವೆ ಎರಡೋ ಮೂರೋ ಅಕ್ಷರದ ಸಂದಿ. ಲೆಕ್ಕ ಹಾಕಿ: ಹನ್ನೊಂದು ಮೂರಲೆ ಮೂವತ್ಮೂರು, ನಡುವಿನ ಹತ್ತು ಸಂದಿಗಳಲ್ಲಿ ಇಪ್ಪತ್ಮೂರು, ಒಟ್ಟು 56. ಆರ್‌ಎನ್‌ಎಯ 36ನೇ ಅಕ್ಷರದಿಂದ 91ನೇ ಅಕ್ಷರದವರೆಗೆ ಎಣಿಸಿದರೂ 56 ಬರುತ್ತದೆ. ಈಗ ರಿಬ್ಬನ್ನನ್ನು ಬಳೆಯ ಹೊರಗಡೆಗೆ ಸುತ್ತಿ. ಒಂದು ಸುತ್ತಿಗೆ ಹನ್ನೊಂದೂ ಕೂತಿತಲ್ಲ? ಟ್ರ್ಯಾಪ್ ಮಾಡುವುದು ಇಷ್ಟೇ. ಒಂದೊಂದು ಹಿಡಿತ ಬಿಡಿಯಾಗಿ ಸಡಿಲ, ಹನ್ನೊಂದು ಸೇರಿದರೆ ಬಿಡಿಸಲಿಕ್ಕೆ ಆಗದಷ್ಟು ಗಟ್ಟಿ.

ಟ್ರಿಪ್ಟೋಫಾನ್ ಎಲ್ಲಿ ಬಂತು ಅಂದರೆ, ಆ ತುಂಡು-ತುಂಡಿನ ನಡುವಿನ ಸಂದಿಗಳಲ್ಲಿ. ಹನ್ನೊಂದು ತುಂಡಿಗೆ ಹನ್ನೊಂದು ಸಂದಿ, ಹನ್ನೊಂದು ಜೇಬು. ಒಂದೊಂದು ಜೇಬಿನಲ್ಲಿ ಒಂದೊಂದು ಟ್ರಿಪ್ಟೋಫಾನ್ ಪೂರ್ತಿ ಮುಳುಗಿ ಕೂರುತ್ತದೆ, ಮೇಲೆ ಪ್ರೋಟೀನಿನ ಎರಡು ಮಡಿಕೆ ಮುಚ್ಚಳದಂತೆ ಮುಚ್ಚಿಕೊಳ್ಳುತ್ತವೆ. ಜೇಬು ಖಾಲಿ ಇದ್ದರೂ ಉಂಗುರ ಉಂಗುರವೇ, ಆದರೆ ಆ ಮಡಿಕೆಗಳು ಅಲುಗಾಡುತ್ತಾ ಇರುತ್ತವೆ, ಆರ್‌ಎನ್‌ಎ ಹಿಡಿಯುವ ಬೆರಳುಗಳು ಒಂದು ಕಡೆ ನಿಲ್ಲುವುದಿಲ್ಲ. ಟ್ರಿಪ್ಟೋಫಾನ್ ತುಂಬಿದಾಗ ಎಲ್ಲವೂ ಬಿಗಿಯಾಗುತ್ತದೆ, ಹಿಡಿತ ಬರುತ್ತದೆ. ನಿಮ್ಮ "ಗೊತ್ತಾಗುವುದು ಹೇಗೆ" ಅನ್ನುವ ಪ್ರಶ್ನೆಗೆ ಮೊದಲ ಅರ್ಧ ಉತ್ತರ ಇದು: ಟ್ರಿಪ್ಟೋಫಾನ್ ಜಾಸ್ತಿ ಇದ್ದರೆ ಜೇಬು ತುಂಬುತ್ತದೆ, ಕಡಿಮೆ ಆದರೆ ಖಾಲಿಯಾಗುತ್ತದೆ. ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ.

ಹಿಡಿದರೆ ಬರವಣಿಗೆ ಯಾಕೆ ನಿಲ್ಲಬೇಕು? ರಿಬ್ಬನ್ನಿನ ಇನ್ನರ್ಧ ಇದೆಯಲ್ಲ, ಅದನ್ನು ನೋಡಿ. ಆರ್‌ಎನ್‌ಎ ಒಂದೇ ಎಳೆ, ತನ್ನ ಮೇಲೆ ತಾನೇ ಮಡಚಿ ಜೋಡಿ ಕಟ್ಟಿಕೊಳ್ಳುತ್ತದೆ. ಇಲ್ಲಿ ಎರಡು ಮಡಿಕೆಗೆ ಅವಕಾಶ ಇದೆ. ಒಂದು 60ರಿಂದ 111ನೇ ಅಕ್ಷರದವರೆಗಿನ ದೊಡ್ಡ ಮಡಿಕೆ. ಇನ್ನೊಂದು 108ರಿಂದ 133ರವರೆಗಿನ ಚಿಕ್ಕದು. 108ರಿಂದ 111ರವರೆಗಿನ ನಾಲ್ಕೇ ನಾಲ್ಕು ಅಕ್ಷರ ಎರಡಕ್ಕೂ ಬೇಕು. ಆದ್ದರಿಂದ ಎರಡೂ ಒಟ್ಟಿಗೆ ಇರಲಾರವು. ಚಿಕ್ಕ ಮಡಿಕೆ ಕಟ್ಟಿತೋ, ಪಾಲಿಮರೇಸ್ ಕಳಚಿಕೊಳ್ಳುತ್ತದೆ, ಸುಮಾರು 140 ಅಕ್ಷರಕ್ಕೆ ಬರವಣಿಗೆ ಮುಗಿಯುತ್ತದೆ. ಅದೇ ಟರ್ಮಿನೇಟರ್. ದೊಡ್ಡದು ಮೊದಲು ಕಟ್ಟಿದರೆ ಚಿಕ್ಕದಕ್ಕೆ ಅಕ್ಷರ ಸಿಗದೆ ಪಾಲಿಮರೇಸ್ ಮುಂದೆ ಹೋಗುತ್ತದೆ, ಆರು ಜೀನ್‌ಗಳನ್ನೂ ಬರೆದು ಮುಗಿಸುತ್ತದೆ. ಟ್ರ್ಯಾಪ್ ಹಿಡಿಯುವ ಜಾಗ 36ರಿಂದ 91, ದೊಡ್ಡ ಮಡಿಕೆ ಶುರುವಾಗುವುದು 60ಕ್ಕೆ. ಕಂಡಿತಾ? ಟ್ರ್ಯಾಪ್ ಸುತ್ತಿಕೊಂಡರೆ ದೊಡ್ಡ ಮಡಿಕೆಯ ಅರ್ಧಕ್ಕಿಂತ ಜಾಸ್ತಿ ಭಾಗ ಉಂಗುರಕ್ಕೆ ಅಂಟಿಹೋಗಿರುತ್ತದೆ, ಅದು ಕಟ್ಟುವ ಹಾಗೇ ಇಲ್ಲ. ಉಳಿದದ್ದು ಟರ್ಮಿನೇಟರ್ ಒಂದೇ.

ಇದೆಲ್ಲ ನಡೆಯುವುದು ಸೆಕೆಂಡುಗಳಲ್ಲಿ. ಪಾಲಿಮರೇಸ್ ಓಡುತ್ತಲೇ ಇದ್ದರೆ ಟ್ರ್ಯಾಪ್‌ಗೆ ಸುತ್ತಿಕೊಳ್ಳಲು ಹೊತ್ತು ಸಿಗುತ್ತದಾ ಅಂತ ಕೇಳಬೇಕು ನೀವು. ಪಾಲಿಮರೇಸ್ 107ನೇ ಅಕ್ಷರದ ಹತ್ತಿರ ಸ್ವಲ್ಪ ತಡೆಯುತ್ತದೆ. ಎಲ್ಲಿ ನೋಡಿ: ದೊಡ್ಡ ಮಡಿಕೆ ಪೂರ್ತಿ ಆಗುವುದಕ್ಕೆ ನಾಲ್ಕು ಅಕ್ಷರ ಮುಂಚೆ. ಹಿಡಿಯಬೇಕಾದ ಹನ್ನೊಂದು ಗುರುತೂ ಅಷ್ಟರಲ್ಲಿ ಹೊರಬಂದಿರುತ್ತವೆ ಅಥವಾ ಬರುತ್ತಿರುತ್ತವೆ. ಈ ಸಣ್ಣ ತಂಗುದಾಣ ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟದ ಭಾಗ. ತೀರ್ಮಾನ ಆಗುವವರೆಗೆ ಬರೆಯುವ ಯಂತ್ರವೇ ನಿಂತು ಕಾಯುತ್ತದೆ.

ಅದನ್ನೂ ತಪ್ಪಿಸಿಕೊಂಡು ಕೆಲವು ಆರ್‌ಎನ್‌ಎ ಮುಂದೆ ಹೋಗಿಬಿಡುತ್ತವೆ. ಅವಕ್ಕೂ ಬಿಡುವಿಲ್ಲ. ಟ್ರ್ಯಾಪ್ ಆಮೇಲೆ ಹಿಡಿದರೂ ಆರ್‌ಎನ್‌ಎ ಬೇರೆ ರೀತಿ ಮಡಚಿ, ಮೊದಲ ಜೀನ್‌ಗೆ ರೈಬೋಸೋಮ್ (ಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟುವ ಯಂತ್ರ) ಹತ್ತುವ ಜಾಗವೇ ಮುಚ್ಚಿಹೋಗುತ್ತದೆ. ಟ್ರಿಪ್ಟೋಫಾನ್‌ಗೆ ಬೇಕಾದ ಏಳನೇ ಜೀನ್ ಬೇರೆ ಕಡೆ, ಫೋಲೇಟ್ ಅನ್ನುವ ವಿಟಮಿನ್‌ನ ಜೀನ್‌ಗಳ ಸಾಲಿನಲ್ಲಿದೆ, ಏಕೆಂದರೆ ಆ ಪ್ರೋಟೀನ್ ಎರಡೂ ಕೆಲಸಕ್ಕೆ ಬೇಕು. ಅಲ್ಲಿ ಬರವಣಿಗೆ ನಿಲ್ಲಿಸಿದರೆ ಫೋಲೇಟೂ ನಿಂತುಹೋಗುತ್ತದೆ. ಹಾಗಾಗಿ ಟ್ರ್ಯಾಪ್ ಅಲ್ಲಿ ಬರವಣಿಗೆಗೆ ಕೈ ಹಾಕುವುದಿಲ್ಲ. ಆ ಒಂದು ಜೀನಿನ ರೈಬೋಸೋಮ್ ಹತ್ತುವ ಜಾಗದ ಮೇಲೆ ಮಾತ್ರ ಕೂರುತ್ತದೆ. ಡಿಎನ್‌ಎ ಮೇಲೆ ಕೂರುವ ರೆಪ್ರೆಸರ್ ಇಂಥ ಕೆಲಸ ಮಾಡಲಾರದು. ಸಾಲಿನಲ್ಲಿರುವ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವುದಷ್ಟೇ ಅದಕ್ಕೆ ಗೊತ್ತು. ಆರ್‌ಎನ್‌ಎ ಹಿಡಿದು ಏನು ಪ್ರಯೋಜನ ಅಂದಿರಲ್ಲ, ಇದು ಪ್ರಯೋಜನ.

ಈಗ ಉಳಿದರ್ಧ. ನೀವು ಸಿಂಧನೂರಿನವರಾದ್ದರಿಂದ ಇದನ್ನು ಹೇಳುವುದು ನನಗೆ ಸುಲಭ.

ತುಂಗಭದ್ರಾ ಡ್ಯಾಂ ತುಂಬಿತು ಅಂತ ಪೇಪರಿನಲ್ಲಿ ಬರುತ್ತದೆ. 105 ಟಿಎಂಸಿ ಚಿಲ್ಲರೆ, ಭರ್ತಿ. ಮುನಿರಾಬಾದಿನಲ್ಲಿ ನಿಂತು ನೋಡಿದರೆ ನೀರೇ ನೀರು. ಅದೇ ದಿನ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ, ಮಾನ್ವಿ, ಸಿರವಾರ ಕಡೆ, ಗದ್ದೆ ಬಿರುಕು ಬಿಟ್ಟಿರುತ್ತದೆ. ಡ್ಯಾಂ ಮಟ್ಟ ಸುಳ್ಳಲ್ಲ. ಆದರೆ ಕೆಳಭಾಗದ ರೈತನಿಗೆ ಆ ಅಂಕಿಯಿಂದ ಏನೂ ಆಗಬೇಕಾಗಿಲ್ಲ. ಅವನು ಕೇಳುವುದು ಕಾಲುವೆಯ ಕೆಳಗಿನ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಅಂತ. ನೀರು ಇದೆಯಾ ಅನ್ನುವುದು ಒಂದು ಪ್ರಶ್ನೆ, ನೀರು ತಲುಪಿದೆಯಾ ಅನ್ನುವುದು ಬೇರೆಯದೇ ಪ್ರಶ್ನೆ.

ಜೀವಕೋಶದಲ್ಲೂ ಇದೇ. ಟ್ರಿಪ್ಟೋಫಾನ್ ಇದ್ದ ಮಾತ್ರಕ್ಕೆ ಪ್ರೋಟೀನ್ ಆಗುವುದಿಲ್ಲ. ಒಂದು ಕಿಣ್ವ ಅದನ್ನು ಅಮೈನೋ ಆಮ್ಲ ಹೊರುವ ಟಿಆರ್‌ಎನ್‌ಎ ಬೆನ್ನಿಗೆ ಏರಿಸಬೇಕು, ಆ ಟಿಆರ್‌ಎನ್‌ಎ ರೈಬೋಸೋಮಿಗೆ ಹೋಗಬೇಕು. ಆ ಕಿಣ್ವವೇ ತೂಬು ಅಂತಿಟ್ಟುಕೊಳ್ಳಿ. ಆ ಕಿಣ್ವ ಕೆಟ್ಟಿರುವ ಬ್ಯಾಸಿಲಸ್ ತಳಿಗಳಿವೆ. ಅವುಗಳಿಗೆ ಟ್ರಿಪ್ಟೋಫಾನ್ ಬೇಕಾದಷ್ಟು ಕೊಟ್ಟರೂ ಟ್ರಿಪ್ಟೋಫಾನ್ ಜೀನ್‌ಗಳು ಜೋರಾಗಿ ಓಡುತ್ತಲೇ ಇರುತ್ತವೆ. ಟ್ರ್ಯಾಪ್ ಒಂದರಿಂದ ಇದನ್ನು ವಿವರಿಸಲಾಗದು. ಜೇಬು ಹನ್ನೊಂದೂ ತುಂಬಿರುತ್ತದೆ, ಅದು ಹಿಡಿಯಬೇಕು, ಹಿಡಿಯುತ್ತಿಲ್ಲ. ಅಂದರೆ ಯಾರೋ ಅದರ ಕೈ ಹಿಡಿದಿದ್ದಾರೆ.

ಆ "ಯಾರೋ" ಯಾರು ಅಂತ ಕಂಡುಹಿಡಿದವರು ಸ್ಟ್ಯಾನ್‌ಫರ್ಡ್‌ನ ಚಾರ್ಲ್ಸ್ ಯಾನೋಫ್ಸ್ಕಿ ಅವರ ಗುಂಪು. ಇ. ಕೋಲೈನ ಅಟೆನ್ಯುಯೇಷನ್ ಬಿಡಿಸಿ ತೋರಿಸಿದವರೂ ಅವರೇ. ಅದಾಗಿ ಎಷ್ಟೋ ವರ್ಷದ ಮೇಲೆ, 2001ರಲ್ಲಿ, ಆಂಟಿ-ಟ್ರ್ಯಾಪ್ ಅನ್ನುವ ಸಣ್ಣ ಪ್ರೋಟೀನನ್ನು ವಿವರಿಸಿದರು. ಬರೀ 53 ಅಮೈನೋ ಆಮ್ಲದ ತುಂಡು, ಮೂರು ಮೂರು ಸೇರಿ ಕೆಲಸ ಮಾಡುತ್ತದೆ. ಅದು ನೇರ ಟ್ರ್ಯಾಪ್‌ನ ಆರ್‌ಎನ್‌ಎ ಹಿಡಿಯುವ ಬೆರಳುಗಳ ಮೇಲೇ ಹೋಗಿ ಕೂರುತ್ತದೆ. ಜೇಬಿನಲ್ಲಿ ಟ್ರಿಪ್ಟೋಫಾನ್ ಇದ್ದರೂ ಕೈ ಕಟ್ಟಿಹೋಯಿತು.

ಆಂಟಿ-ಟ್ರ್ಯಾಪ್ ಯಾವಾಗ ತಯಾರಾಗಬೇಕು ಅನ್ನುವುದಕ್ಕೆ ಎರಡು ಕಾವಲು ಇವೆ, ಎರಡೂ ಕಾಲುವೆಯ ಕೊನೆಯಲ್ಲೇ. ಒಂದು, ಅದರ ಆರ್‌ಎನ್‌ಎಯ ಮುಂಭಾಗಕ್ಕೆ ಖಾಲಿ ಟಿಆರ್‌ಎನ್‌ಎ ಬಂದು ನೇರವಾಗಿ ಅಂಟಿದರೆ ಮಾತ್ರ ಬರವಣಿಗೆ ಮುಂದುವರಿಯುತ್ತದೆ. ಇದಕ್ಕೆ ಟಿ-ಬಾಕ್ಸ್ ಅನ್ನುತ್ತಾರೆ. 1993ರಲ್ಲಿ ಗ್ರಂಡಿ ಮತ್ತು ಹೆಂಕಿನ್ ಇದೇ ಬ್ಯಾಸಿಲಸ್‌ನಲ್ಲಿ, ಟೈರೋಸಿನ್ ವಿಷಯದಲ್ಲಿ ಇದನ್ನು ಮೊದಲು ತೋರಿಸಿದ್ದರು. ಎರಡನೆಯದು, ಅದರ ಮುಂದೆ ಹತ್ತು ಅಮೈನೋ ಆಮ್ಲದ ಒಂದು ಪುಟ್ಟ ಪೆಪ್ಟೈಡ್ ಇದೆ, ಅದರಲ್ಲಿ ಒಂದರ ಹಿಂದೆ ಒಂದು ಮೂರು ಟ್ರಿಪ್ಟೋಫಾನ್. ತುಂಬಿದ ಟಿಆರ್‌ಎನ್‌ಎ ಸಿಗದೆ ರೈಬೋಸೋಮ್ ಅಲ್ಲಿ ಸಿಕ್ಕಿಕೊಂಡರೆ, ಆಗ ಆಂಟಿ-ಟ್ರ್ಯಾಪ್ ಓದುವ ಜಾಗ ತೆರೆದುಕೊಳ್ಳುತ್ತದೆ. ಸರಾಗವಾಗಿ ಓಡಿದರೆ ತೆರೆಯುವುದಿಲ್ಲ.

ಹೀಗೆ ಟ್ರ್ಯಾಪ್ ಓದುವುದು ಡ್ಯಾಂ ಮಟ್ಟ, ಆಂಟಿ-ಟ್ರ್ಯಾಪ್ ಓದುವುದು ಕೆಳಗಿನ ಗೇಜ್. ಎರಡರ ಮಾತೂ ಬೇರೆಯಾದಾಗ ಕೆಳಗಿನ ಗೇಜ್ ಮಾತೇ ನಡೆಯುತ್ತದೆ. ಒಂದು ಕಡೆ ಮಾತ್ರ ಈ ಹೋಲಿಕೆ ಹೊಂದುವುದಿಲ್ಲ. ಕಾಲುವೆಯಲ್ಲಿ ತೊಂದರೆ ತೂಬಿನದಾದರೆ ಡ್ಯಾಂಗೆ ಇನ್ನಷ್ಟು ನೀರು ತುಂಬಿ ಉಪಯೋಗ ಇಲ್ಲ. ಜೀವಕೋಶದಲ್ಲಿ ಹಾಗಲ್ಲ, ಟ್ರಿಪ್ಟೋಫಾನ್ ಇನ್ನೂ ಹೆಚ್ಚಾದರೆ ಬಡಕಲು ಕಿಣ್ವವೂ ಸ್ವಲ್ಪ ಹೆಚ್ಚು ಟಿಆರ್‌ಎನ್‌ಎ ತುಂಬಬಲ್ಲದು.

ಇ. ಕೋಲೈ ಈ ಎರಡು ಪ್ರಶ್ನೆಗಳನ್ನೂ ಬೇರೆ ರೀತಿ ಕೇಳುತ್ತದೆ. ಮೊದಲನೆಯದಕ್ಕೆ ನೀವು ಓದಿದ ರೆಪ್ರೆಸರ್. ಎರಡನೆಯದಕ್ಕೆ ರೈಬೋಸೋಮೇ ಗೇಜ್: 14 ಅಮೈನೋ ಆಮ್ಲದ ಒಂದು ಪೆಪ್ಟೈಡ್‌ನಲ್ಲಿ ಪಕ್ಕಪಕ್ಕ ಎರಡು ಟ್ರಿಪ್ಟೋಫಾನ್, ಅಲ್ಲಿ ರೈಬೋಸೋಮ್ ನಿಂತರೆ ಬರವಣಿಗೆ ಮುಂದುವರಿಯುತ್ತದೆ, ಓಡಿದರೆ ನಿಲ್ಲುತ್ತದೆ. ಹಿಸ್ಟಿಡಿನ್‌ಗಾದರೆ ಹೀಗೇ ಸಾಲಾಗಿ ಏಳು ಹಿಸ್ಟಿಡಿನ್. ಬೇಕಾಗಿದ್ದು ಒಂದೇ, ಎರಡು ಬ್ಯಾಕ್ಟೀರಿಯಾ ಎರಡು ದಾರಿ ಹಿಡಿದಿವೆ. ಪರೀಕ್ಷೆಯಲ್ಲಿ ಇವೆರಡನ್ನೂ ಕಲಸಿ ಬರೆಯುವವರು ತುಂಬಾ ಜನ, ನೀವು ಹಾಗೆ ಮಾಡಬೇಡಿ.

ಪ್ರೋಟೀನ್ ಇಲ್ಲದೆಯೂ ಇದು ನಡೆಯುತ್ತದೆ. ಬ್ಯಾಸಿಲಸ್‌ನಲ್ಲೇ ಲೈಸಿನ್ ಆರ್‌ಎನ್‌ಎ ತನ್ನ ಮಡಿಕೆಯೊಳಗೆ ಲೈಸಿನ್ನನ್ನು ತಾನೇ ಹಿಡಿದು ನೋಡುತ್ತದೆ. ಅದಕ್ಕೆ ರೈಬೋಸ್ವಿಚ್ ಅಂತ ಹೆಸರು. ಇ. ಕೋಲೈನಲ್ಲಿ ಎಚ್‌ಎಫ್‌ಕ್ಯೂ ಅನ್ನುವ ಆರು ತುಂಡಿನ ಉಂಗುರ ಇದೆ. ಗ್ಲೈಸಿನ್ ಜಾಸ್ತಿ ಆದಾಗ ಜಿಸಿವಿಬಿ ಅನ್ನುವ ಒಂದು ಪುಟ್ಟ ಆರ್‌ಎನ್‌ಎ ಹುಟ್ಟುತ್ತದೆ. ಎಚ್‌ಎಫ್‌ಕ್ಯೂ ಅದನ್ನು ಬೇರೆ ಆರ್‌ಎನ್‌ಎಗಳಿಗೆ ಜೋಡಿಸಿ, ಹೊರಗಿನಿಂದ ಪೆಪ್ಟೈಡ್, ಅಮೈನೋ ಆಮ್ಲ ಎಳೆದುಕೊಳ್ಳುವ ಪ್ರೋಟೀನ್‌ಗಳ ತಯಾರಿ ತಗ್ಗಿಸುತ್ತದೆ. ಅದೂ ಉಂಗುರ, ಆದರೆ ಮಾಡುವುದು ದಲ್ಲಾಳಿ ಕೆಲಸ: ಎರಡು ಆರ್‌ಎನ್‌ಎ ಕೂಡಿಸುವುದು. ಟ್ರ್ಯಾಪ್‌ನ ಹಾಗೆ ತಾನೇ ಅಳೆಯುವುದಿಲ್ಲ.

ಟ್ರ್ಯಾಪ್ ಇದೆ ಅಂತ ಮೊದಲು ತಿಳಿದದ್ದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಟ್ರಿಪ್ಟೋಫಾನ್‌ನಂತೆಯೇ ಕಾಣುವ 5-ಮೀಥೈಲ್ ಟ್ರಿಪ್ಟೋಫಾನ್ ಅನ್ನುವ ವಸ್ತು ಇದೆ. ಜೀವಕೋಶ ಅದನ್ನು ನಂಬಿ ಜೀನ್‌ಗಳನ್ನು ಮುಚ್ಚುತ್ತದೆ, ನಿಜವಾದ ಟ್ರಿಪ್ಟೋಫಾನ್ ಇಲ್ಲದೆ ಬೆಳವಣಿಗೆ ನಿಲ್ಲುತ್ತದೆ. 1960ರ ದಶಕದಲ್ಲೇ ಈ ವಿಷ ಹಾಕಿದ ತಟ್ಟೆಗಳಲ್ಲಿ ಬದುಕುಳಿದ ಬ್ಯಾಸಿಲಸ್ ಸಿಕ್ಕಿದ್ದವು. ಅವು ಮುಚ್ಚುವುದನ್ನೇ ಮರೆತಿದ್ದವು, ಟ್ರಿಪ್ಟೋಫಾನ್ ಮಾಡುತ್ತಲೇ ಇದ್ದವು. ಕೆಟ್ಟಿದ್ದ ಜಾಗಕ್ಕೆ ಎಂಟಿಆರ್ ಅಂತ ಹೆಸರಿಟ್ಟರು, ಮೀಥೈಲ್ ಟ್ರಿಪ್ಟೋಫಾನ್ ತಡೆದುಕೊಳ್ಳುವುದು ಅನ್ನುವ ಅರ್ಥದಲ್ಲಿ. ಟ್ರ್ಯಾಪ್ ಜೀನಿನ ಹೆಸರು ಇವತ್ತಿಗೂ ಎಂಟಿಆರ್‌ಬಿ.

ಆ ವಿಷ ಕಾಲೇಜು ಲ್ಯಾಬಿನಲ್ಲಿ ಇರಲಿಕ್ಕಿಲ್ಲ. ಆದರೆ ಒಂದು ಪ್ರಯೋಗ ನೀವು ಮಾಡಬಹುದು. ಗ್ಲೂಕೋಸ್, ಅಮೋನಿಯಂ ಲವಣ, ಫಾಸ್ಫೇಟ್, ಮೆಗ್ನೀಸಿಯಂ, ಅಗರ್ ಮಾತ್ರ ಹಾಕಿ ಮಿನಿಮಲ್ ತಟ್ಟೆ ಮಾಡಿಸಿಕೊಳ್ಳಿ. ಅಮೈನೋ ಆಮ್ಲ ಒಂದೂ ಬೇಡ. ಅಪ್ಪನ ಪುಡಿಯನ್ನು ಮೊದಲು ಮಾಮೂಲಿ ಪೋಷಕ ತಟ್ಟೆಯಲ್ಲಿ ಬೆಳೆಸಿ, ಒಂದು ಶುದ್ಧ ಕಾಲೊನಿ ಆರಿಸಿ, ಆಮೇಲೆ ಮಿನಿಮಲ್ ತಟ್ಟೆಯ ಅರ್ಧಕ್ಕೆ ಗೀರಿ. ಇನ್ನರ್ಧಕ್ಕೆ ವಿಭಾಗದಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ 168 ತಳಿ ಇದ್ದರೆ ಅದನ್ನು ಗೀರಿ. ಪ್ರಪಂಚದ ಲ್ಯಾಬುಗಳಲ್ಲಿ ಹೆಚ್ಚು ಬಳಸುವ ತಳಿ ಅದು. 1940ರ ದಶಕದಲ್ಲಿ ಎಕ್ಸ್-ರೇ ಹಾಯಿಸಿದ ಬ್ಯಾಕ್ಟೀರಿಯಾಗಳಲ್ಲಿ ಸಿಕ್ಕಿದ್ದು, ಅದರ ಟ್ರಿಪ್ಟೋಫಾನ್ ಜೀನ್‌ಗಳಲ್ಲಿ ಒಂದು ಕೆಟ್ಟಿದೆ. 37 ಡಿಗ್ರಿಯಲ್ಲಿ ಎರಡು ದಿನ ಇಡಿ. ಪುಡಿಯದು ಬೆಳೆಯಬೇಕು, 168 ಬೆಳೆಯಬಾರದು. ಆಮೇಲೆ ಚೂರು ಟ್ರಿಪ್ಟೋಫಾನ್ ಹಾಕಿದ ಇನ್ನೊಂದು ತಟ್ಟೆಯಲ್ಲಿ ಎರಡನ್ನೂ ಮತ್ತೆ ಗೀರಿ ನೋಡಿ. ಏನು ಕಂಡಿತು ಅಂತ ಬರೆದು ತಿಳಿಸಿ, ಫೋಟೋ ಇದ್ದರೆ ಅದನ್ನೂ ಕಳಿಸಿ.